ಇಪ್ಪತ್ತು ಕೆಜಿಯ ಗೆರೆ: ಕೋಲಾರದ ಒಂದು ಗಾಂಜಾ ಪ್ರಕರಣ

2021ರ ಸೆಪ್ಟೆಂಬರಿನ ಒಂದು ಬೆಳಗಿನ ಜಾವ, ಆಂಧ್ರದ ಕಡೆಯಿಂದ ಬರುತ್ತಿದ್ದ ಟೊಮೆಟೊ ಲಾರಿಯೊಂದನ್ನು ಮುಳಬಾಗಿಲು ತಾಲ್ಲೂಕಿನ ಹೆದ್ದಾರಿಯಲ್ಲಿ ಪೊಲೀಸರು ತಡೆದರು. ಲೋಡು ಇಳಿಸಿ ವಾಪಸಾಗುತ್ತಿದ್ದ ಗಾಡಿ. ಹಿಂದೆ ಖಾಲಿ ಪ್ಲಾಸ್ಟಿಕ್ ಕ್ರೇಟ್‌ಗಳು, ಅವುಗಳ ಅಡಿಯಲ್ಲಿ ಎರಡು ಚೀಲ, ಚೀಲಗಳಲ್ಲಿ ಕಂದು ಟೇಪು ಸುತ್ತಿದ 11 ಪೊಟ್ಟಣ ಗಾಂಜಾ. ಮಹಜರಿನಲ್ಲಿ ಬರೆದ ತೂಕ 21 ಕೆಜಿ 600 ಗ್ರಾಂ. ಚಾಲಕನನ್ನು ಬಂಧಿಸಿ, ಲಾರಿಯನ್ನು ಜಪ್ತಿ ಮಾಡಿದರು.

2024ರ ಡಿಸೆಂಬರಿನಲ್ಲಿ ವಿಶೇಷ ನ್ಯಾಯಾಲಯದ ತೀರ್ಪು ಬಂತು. ಗಾಂಜಾ ಸಾಗಿಸಿದ್ದು ನಿಜ. ಆದರೆ ಅದು 20 ಕೆಜಿಗಿಂತ ಹೆಚ್ಚಿತ್ತು ಎಂಬುದನ್ನು ಅಭಿಯೋಜನೆ, ಅಂದರೆ ಸರ್ಕಾರದ ಪಕ್ಷ, ಸಾಬೀತು ಮಾಡಿಲ್ಲ. ಆದ್ದರಿಂದ ಮೂರು ವರ್ಷ ಕಠಿಣ ಸಜೆ, 30 ಸಾವಿರ ರೂಪಾಯಿ ದಂಡ. ಅಷ್ಟು ಹೊತ್ತಿಗೆ ಚಾಲಕ ವಿಚಾರಣಾಧೀನ ಕೈದಿಯಾಗಿಯೇ ಮೂರು ವರ್ಷ ಮೂರು ತಿಂಗಳು ಕಳೆದಿದ್ದ. ದಂಡದ ಹಣ ಹೊಂದಿಸಿ ಕಟ್ಟಿದ ಮೇಲೆ ಬಿಡುಗಡೆಯಾಯಿತು. ಗಾಂಜಾ 20 ಕೆಜಿ ಮೀರಿದರೆ ಕಾನೂನಿನಲ್ಲಿ ಶಿಕ್ಷೆಯೂ ಏರುತ್ತದೆ, ಜಾಮೀನೂ ಕಷ್ಟವಾಗುತ್ತದೆ. ಅವನಿಗೆ ಆ ಮೂರು ವರ್ಷ ಜಾಮೀನು ಸಿಗದಿರಲು ಇದ್ದ ಮುಖ್ಯ ಕಾರಣ ಆ 20 ಕೆಜಿಯ ಗೆರೆ. ಕೊನೆಗೆ ನ್ಯಾಯಾಲಯ, ಆ ಗೆರೆಯನ್ನು ಅವನು ದಾಟಿದ್ದಕ್ಕೆ ಪುರಾವೆ ಇಲ್ಲ ಎಂದಿತು.

ನಾನು ವಕೀಲನಲ್ಲ, ಕೋಲಾರದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಅರ್ಥಶಾಸ್ತ್ರ ಕಲಿಸುವವನು. ಲಾರಿಯ ಮಾಲೀಕರು ಬಹುಕಾಲದ ಪರಿಚಯ. ದೋಷಾರೋಪ ಪಟ್ಟಿ, ಜಾಮೀನು ಆದೇಶಗಳು, ತೀರ್ಪು ಎಲ್ಲವನ್ನೂ ಓದಿದ್ದೇನೆ. ಚಾಲಕ ಹೊರಬಂದ ಮೇಲೆ ಅವನ ಮನೆಯಲ್ಲಿ ಕುಳಿತು ಮಾತನಾಡಿದ್ದೇನೆ. ಇಬ್ಬರ ಒಪ್ಪಿಗೆಯ ಮೇಲೆ ಬರೆಯುತ್ತಿದ್ದೇನೆ. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ. ಈ ಪ್ರಕರಣ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾನೂನಿನ ತೊಡಕಿನಿಂದ ಮಾತ್ರವಲ್ಲ. ಬೆಲೆಯ ವಿಷಯದಲ್ಲಿ ಸರ್ಕಾರ ಕೈ ಹಾಕಲೇಬಾರದು ಎಂದು ನಂಬಿದ ಮನುಷ್ಯರೇ ಗಾಂಜಾ ಸಾಗಿಸುವವನನ್ನು ನೇಣಿಗೆ ಹಾಕಬೇಕು ಎನ್ನುತ್ತಾರಲ್ಲ, ಆ ಎರಡು ನಂಬಿಕೆಗಳು ಒಂದೇ ಲಾರಿಯಲ್ಲಿ ಎದುರುಬದುರಾಗಿದ್ದವು.

ಮಾಲೀಕರು

ಅವರನ್ನು ಮಾರುಕಟ್ಟೆಯಲ್ಲಿ ಎಲ್ಲರೂ ಕರೆಯುವಂತೆ ಯಜಮಾನರು ಎಂದೇ ಕರೆಯುತ್ತೇನೆ. ಬಿ.ಕಾಂ. ಓದಿದವರು. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಕೊಂಡು ಹೊರರಾಜ್ಯಗಳಿಗೆ ಕಳುಹಿಸುವ ವರ್ತಕರು. ನಮ್ಮ ಮಾರುಕಟ್ಟೆಯನ್ನು ನೋಡದವರಿಗೆ ಒಂದು ಮಾತು: ಇಲ್ಲಿ 15 ಕೆಜಿಯ ಬಾಕ್ಸಿನ ಲೆಕ್ಕದಲ್ಲಿ ಹರಾಜು ನಡೆಯುತ್ತದೆ. ಸಾಲುಸಾಲಾಗಿ ಜೋಡಿಸಿದ ಬಾಕ್ಸುಗಳ ನಡುವೆ ಹರಾಜು ಕೂಗುವವರು ನಡೆಯುತ್ತಾ ಹೋಗುತ್ತಾರೆ, ಕೊಳ್ಳುವವರು ಹಿಂದೆ ಹಿಂದೆ. ಒಂದು ರಾಶಿಯ ಬೆಲೆ ತೀರ್ಮಾನವಾಗಲು ಒಂದು ನಿಮಿಷವೂ ಬೇಡ. 2021ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಸಮಯದಲ್ಲಿ, ಕೊಳ್ಳುವವರಿಲ್ಲದೆ ರೈತರು ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋದರು. 2023ರ ಜುಲೈನಲ್ಲಿ ಅದೇ ಬಾಕ್ಸು 2,000 ರೂಪಾಯಿ ದಾಟಿತು.

ಆ ಜುಲೈನಲ್ಲಿ ಕೇಂದ್ರ ಸರ್ಕಾರ ನಾಫೆಡ್ ಮತ್ತು ಎನ್‌ಸಿಸಿಎಫ್ ಎಂಬ ಸಹಕಾರಿ ಸಂಸ್ಥೆಗಳ ಮೂಲಕ ಕೋಲಾರ, ಮದನಪಲ್ಲಿಯಂಥ ಕಡೆ ಟೊಮೆಟೊ ಕೊಂಡು ದೆಹಲಿಯಲ್ಲಿ ಕಡಿಮೆ ಬೆಲೆಗೆ ಮಾರಿತು. ಆಗಸ್ಟಿನಲ್ಲಿ ನೇಪಾಳದಿಂದ ಹಣ್ಣು ತರಿಸಲಾಯಿತು. ಯಜಮಾನರು ಕೆಂಡಾಮಂಡಲವಾದರು. "ಬೆಲೆ ಬಿದ್ದಾಗ ಯಾರೂ ಬರಲಿಲ್ಲ. ಏರಿದಾಗ ಓಡೋಡಿ ಬಂದರು. ಬೆಲೆ ಸುಳ್ಳು ಹೇಳುವುದಿಲ್ಲ ಮೇಷ್ಟ್ರೇ, ಅದರ ಬಾಯಿ ಮುಚ್ಚಿಸಬಾರದು" ಎಂದರು. ಅವರ ಕೋಪದಲ್ಲಿ ನ್ಯಾಯವಿತ್ತು ಎಂದು ಈಗಲೂ ನನಗೆ ಅನಿಸುತ್ತದೆ. 2020ರ ಸೆಪ್ಟೆಂಬರಿನಲ್ಲಿ ಬಂದ ಮೂರು ಕೃಷಿ ಕಾಯ್ದೆಗಳನ್ನು ಅವರು ಸ್ವಾಗತಿಸಿದ್ದರು. 2021ರಲ್ಲಿ ಅವು ವಾಪಸಾದಾಗ ಬೇಸರಪಟ್ಟಿದ್ದರು. ಸ್ವಂತ ಲಾಭಕ್ಕಾಗಿ ಹಾಗೆ ಹೇಳುತ್ತಿದ್ದರು ಎಂದರೆ ತಪ್ಪಾಗುತ್ತದೆ. ನಷ್ಟದ ವರ್ಷಗಳಲ್ಲೂ ಅವರ ಮಾತು ಅದೇ ಆಗಿತ್ತು.

ಇದೇ ಯಜಮಾನರು ಮಾದಕ ವಸ್ತುವಿನ ಮಾತು ಬಂದರೆ ಸಿಂಗಪುರವನ್ನು ಎತ್ತುತ್ತಾರೆ. ಒಮ್ಮೆ ಹೋಗಿ ಬಂದವರು. ಅಲ್ಲಿ ಇಳಿಯುವವರಿಗೆ ಮಾದಕ ವಸ್ತು ಸಾಗಣೆಗೆ ಮರಣದಂಡನೆ ಎಂಬ ಎಚ್ಚರಿಕೆ ಇರುತ್ತದೆ ಎನ್ನುವಾಗ ಅವರ ದನಿಯಲ್ಲಿ ಭಕ್ತಿಯೇ ಇರುತ್ತದೆ. "ವ್ಯಾಪಾರಕ್ಕೆ ಪೂರ್ತಿ ಬಿಡುವು, ತಪ್ಪಿಗೆ ನೇಣು. ದೇಶ ಹಾಗಿರಬೇಕು."

ಇದರ ಹಿಂದೆ ಒಂದು ಮನೆಯ ಸಂಕಟವಿದೆ. ಅವರ ತಂಗಿಯ ಮಗ ಎಂಜಿನಿಯರಿಂಗ್ ಓದಲು ಬೆಂಗಳೂರಿಗೆ ಹೋದವನು ಎರಡನೆಯ ವರ್ಷದಲ್ಲಿ ಗಾಂಜಾಕ್ಕೆ ಬಿದ್ದ. ಕಾಲೇಜು ಬಿಟ್ಟ, ತಾಯಿಯ ಓಲೆ ಮಾರಿದ, ಒಂದು ರಾತ್ರಿ ತನ್ನನ್ನು ಯಾರೋ ಕೊಲ್ಲಲು ಬರುತ್ತಿದ್ದಾರೆ ಎಂದು ಮಹಡಿಯ ಮೇಲೆ ಬಾಗಿಲು ಹಾಕಿಕೊಂಡ. ಬಾಗಿಲು ಒಡೆದು ಅವನನ್ನು ಹೊತ್ತು ತಂದವರು ಈ ಯಜಮಾನರೇ. ಗಾಂಜಾ ನಿರುಪದ್ರವಿ ಎಂದು ಹಗುರವಾಗಿ ಬರೆಯುವವರಿಗೆ ಆ ಮನೆಯ ಬಾಗಿಲ ಮುಂದೆ ನಿಂತು ಹಾಗೆ ಹೇಳುವ ಧೈರ್ಯ ಇರಲಾರದು. ನನಗೂ ಇಲ್ಲ.

ಹೀಗಿರುವಾಗ ಅವರದೇ ಲಾರಿಯಲ್ಲಿ ಗಾಂಜಾ ಸಿಕ್ಕಿತು.

ಚಾಲಕ

ಶ್ರೀನಿವಾಸಪುರ ಕಡೆಯ ಹಳ್ಳಿಯವನು, ಆಗ 29 ವರ್ಷ. ಆರು ವರ್ಷದಿಂದ ಯಜಮಾನರ ಗಾಡಿ ಓಡಿಸುತ್ತಿದ್ದ. ಲಾಕ್‌ಡೌನಿನಲ್ಲಿ ಲೋಡು ನಿಂತು ಬತ್ತಾ ನಿಂತಿತು. ಹೆಂಡತಿ ಮಹಿಳಾ ಸಂಘದಲ್ಲಿಯೂ ಒಂದು ಮೈಕ್ರೋಫೈನಾನ್ಸಿನಲ್ಲಿಯೂ ಮಾಡಿದ್ದ ಸಾಲದ ವಾರದ ಕಂತು ನಿಲ್ಲಲಿಲ್ಲ. ವಿಶಾಖಪಟ್ಟಣದ ಕಡೆ ಲೋಡು ಇಳಿಸಿ ಬರುವಾಗ, ತುನಿ ಬಳಿಯ ಡಾಬಾದಲ್ಲಿ, ಎರಡು ಮೂರು ಸಲ ಮುಖ ನೋಡಿದ್ದ ಒಬ್ಬ ಮಾತಿಗೆಳೆದ. ಎರಡು ಚೀಲ ಹೊಸಕೋಟೆಯವರೆಗೆ ತಲುಪಿಸಿದರೆ 20 ಸಾವಿರ. ಹತ್ತು ಮುಂಗಡ, ಹತ್ತು ತಲುಪಿದ ಮೇಲೆ.

ಚೀಲದಲ್ಲಿ ಏನಿದೆ ಎಂಬುದು ಗೊತ್ತಿರಲಿಲ್ಲ ಎಂದು ನ್ಯಾಯಾಲಯದಲ್ಲಿ ಅವನ ಪರ ವಾದವಾಯಿತು. ನನ್ನ ಮುಂದೆ ಅವನು ಹಾಗೆ ಹೇಳಲಿಲ್ಲ.

"ಗೊತ್ತಿತ್ತು ಸಾರ್. ಆ ವಾಸನೆಯನ್ನು ಮುಚ್ಚಿಡಲು ಆಗುತ್ತದೆಯೇ? ಆದರೆ ಸಿಕ್ಕಿದರೆ ದಂಡ ಕಟ್ಟಿಸಿಕೊಂಡು ಬಿಡುತ್ತಾರೆ ಅಂದುಕೊಂಡಿದ್ದೆ. ಹತ್ತು ವರ್ಷ ಅಂತ ಮೊದಲ ಸಲ ಕೇಳಿದ್ದು ಜೈಲಿನಲ್ಲಿ, ಪಕ್ಕದವನ ಬಾಯಲ್ಲಿ."

ಈ ಮಾತನ್ನು ಓದುಗರು ಮರೆಯಬಾರದು. ಕಠಿಣ ಶಿಕ್ಷೆಯ ಪರ ಇರುವ ಎಲ್ಲ ವಾದವೂ, ತಪ್ಪು ಮಾಡುವವನು ಶಿಕ್ಷೆಯನ್ನು ಮೊದಲೇ ತೂಗಿ ನೋಡುತ್ತಾನೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಈ ಮನುಷ್ಯನ ತಕ್ಕಡಿಯಲ್ಲಿ ಒಂದು ಕಡೆ 20 ಸಾವಿರ ರೂಪಾಯಿ ಇತ್ತು, ಇನ್ನೊಂದು ಕಡೆ ಏನೂ ಇರಲಿಲ್ಲ. ಕಾನೂನು ಅಲ್ಲಿ ಹತ್ತರಿಂದ ಇಪ್ಪತ್ತು ವರ್ಷ ಇಟ್ಟಿರುವ ಸಂಗತಿ ಅವನಿಗೆ ತಲುಪಿಯೇ ಇರಲಿಲ್ಲ.

ಗೆರೆ ಹೇಗೆ ಬಂತು

ಮಾದಕ ದ್ರವ್ಯ ಮತ್ತು ಮನೋಪರಿಣಾಮಕ ವಸ್ತುಗಳ ಕಾಯ್ದೆ, ಅಂದರೆ ಎನ್‌ಡಿಪಿಎಸ್ ಕಾಯ್ದೆ, 1985ರ ನವೆಂಬರ್ 14ರಿಂದ ಜಾರಿಗೆ ಬಂತು. ಮೂಲ ಕಾಯ್ದೆಯಲ್ಲಿ ಗಾಂಜಾಕ್ಕೆ ಗರಿಷ್ಠ ಐದು ವರ್ಷ ಸಜೆ ಇತ್ತು. 1989ರ ತಿದ್ದುಪಡಿ ಎರಡು ದೊಡ್ಡ ಕೆಲಸ ಮಾಡಿತು: ಕೆಲವು ಅಪರಾಧಗಳನ್ನು ಎರಡನೆಯ ಸಲ ಮಾಡಿದವರಿಗೆ ಕಡ್ಡಾಯ ಮರಣದಂಡನೆ ತಂದಿತು, ಜಾಮೀನಿನ ಬಾಗಿಲನ್ನು ಬಹುಪಾಲು ಮುಚ್ಚಿತು. ಮರಣದಂಡನೆಯ ಕಡ್ಡಾಯವನ್ನು ಬಾಂಬೆ ಹೈಕೋರ್ಟ್ 2011ರಲ್ಲಿ ಒಪ್ಪಲಿಲ್ಲ. 2014ರ ತಿದ್ದುಪಡಿ ಅದನ್ನು ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿತು. ಪ್ರಮಾಣಕ್ಕೆ ತಕ್ಕ ಶಿಕ್ಷೆ ಎಂಬ ಪದ್ಧತಿ ಬಂದದ್ದು 2001ರಲ್ಲಿ. ಗಾಂಜಾ ಒಂದು ಕೆಜಿಗಿಂತ ಕಡಿಮೆ ಇದ್ದರೆ ಅಲ್ಪ ಪ್ರಮಾಣ, ಈಗ ಒಂದು ವರ್ಷದವರೆಗೆ ಸಜೆ. 20 ಕೆಜಿ ಮೀರಿದರೆ ವಾಣಿಜ್ಯ ಪ್ರಮಾಣ: ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ, ಕನಿಷ್ಠ ಒಂದು ಲಕ್ಷ ದಂಡ. ನಡುವಿನದಕ್ಕೆ ಹತ್ತು ವರ್ಷದವರೆಗೆ, ಆದರೆ ಕನಿಷ್ಠ ಮಿತಿ ಇಲ್ಲ.

ವಾಣಿಜ್ಯ ಪ್ರಮಾಣ ಎಂದು ಬರೆದ ಕೂಡಲೇ 37ನೆಯ ಕಲಂ ಬಂದು ಕೂರುತ್ತದೆ. ಆರೋಪಿ ನಿರಪರಾಧಿ ಎಂದು ನಂಬಲು ಸಕಾರಣವಿದೆ, ಹೊರಬಂದರೆ ಮತ್ತೆ ತಪ್ಪು ಮಾಡಲಾರ ಎಂಬ ಎರಡೂ ನ್ಯಾಯಾಧೀಶರಿಗೆ ಮನವರಿಕೆಯಾದರೆ ಮಾತ್ರ ಜಾಮೀನು. ವಿಚಾರಣೆ ಆರಂಭವಾಗುವ ಮೊದಲೇ ವಿಚಾರಣೆ ಗೆದ್ದವನ ಹಾಗೆ ಕಾಣಬೇಕು. ಸಾಮಾನ್ಯ ಅಪರಾಧದಲ್ಲಿ 60 ಅಥವಾ 90 ದಿನದಲ್ಲಿ ದೋಷಾರೋಪ ಪಟ್ಟಿ ಬರದಿದ್ದರೆ ಆರೋಪಿಗೆ ಜಾಮೀನು ಪಡೆಯುವ ಹಕ್ಕಿದೆ. ಇಲ್ಲಿ ಪೊಲೀಸರಿಗೆ 180 ದಿನ. ನಮ್ಮ ಚಾಲಕನ ದೋಷಾರೋಪ ಪಟ್ಟಿ ಸಲ್ಲಿಕೆಯಾದದ್ದು ಐದನೆಯ ತಿಂಗಳಲ್ಲಿ. ತೂಕ 20 ಕೆಜಿಯೊಳಗೆ ಎಂದು ಮೊದಲ ದಿನವೇ ಬರೆದಿದ್ದರೆ ಅದಕ್ಕೆ ಬಹಳ ಮೊದಲೇ ಅವನು ಮನೆ ಸೇರುತ್ತಿದ್ದ.

ವಿಶೇಷ ನ್ಯಾಯಾಲಯದಲ್ಲಿ ಅರ್ಜಿ ವಜಾ ಆಯಿತು, 2022ರಲ್ಲಿ ಹೈಕೋರ್ಟಿನಲ್ಲೂ ವಜಾ ಆಯಿತು. 2023ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್, ವಿಚಾರಣೆ ಅತಿಯಾಗಿ ಎಳೆದರೆ 37ನೆಯ ಕಲಂ ಜಾಮೀನಿಗೆ ಅಡ್ಡ ಬರಬಾರದು ಎಂಬರ್ಥದ ತೀರ್ಪು ಕೊಟ್ಟಿತು. ಅದನ್ನು ಹಿಡಿದು ಮತ್ತೊಂದು ಅರ್ಜಿ ಹಾಕಬಹುದಿತ್ತು. ಹಾಕಲಿಲ್ಲ. ಆ ವೇಳೆಗೆ ಹೆಂಡತಿ ಮನೆಯ ಮುಂದಿನ ಹಸುವನ್ನು ಮಾರಿ ಆಗಿತ್ತು, ಬೆಂಗಳೂರಿನ ವಕೀಲರಿಗೆ ಕೊಡಲು ಬೇರೇನೂ ಉಳಿದಿರಲಿಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಬಂದ ವಕೀಲರು ವಿಚಾರಣೆಯನ್ನು ಕೈಗೆತ್ತಿಕೊಂಡರು. ಈ ಪ್ರಕರಣದಲ್ಲಿ ಮನಸ್ಸಿಟ್ಟು ಕೆಲಸ ಮಾಡಿದವರು ಎಂದು ನಾನು ಹೇಳಬಲ್ಲ ಒಬ್ಬರು ಅವರು.

ತೂಕ

ಆ ವಕೀಲರು ಹಿಡಿದದ್ದು ತಕ್ಕಡಿಯನ್ನೇ. ಹೆದ್ದಾರಿ ಬದಿಯಲ್ಲಿ, ಬ್ಯಾಟರಿ ಬೆಳಕಿನಲ್ಲಿ, ಹತ್ತಿರದ ತರಕಾರಿ ಅಂಗಡಿಯಿಂದ ತರಿಸಿದ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಪೊಟ್ಟಣಗಳನ್ನು ಇಟ್ಟಿದ್ದರು. ಟೇಪು ಬಿಚ್ಚಿರಲಿಲ್ಲ. ಟೇಪಿನ ಒಳಗೆ ಪ್ಲಾಸ್ಟಿಕ್ ಹಾಳೆ, ಅದರೊಳಗೆ ತೆಲುಗು ಪತ್ರಿಕೆಯ ಎರಡು ಸುತ್ತು. ಅಷ್ಟೂ ಸೇರಿ 21 ಕೆಜಿ 600 ಗ್ರಾಂ. ಬಳಿಕ 52ಎ ಕಲಮಿನಂತೆ ಮ್ಯಾಜಿಸ್ಟ್ರೇಟರ ಮುಂದೆ ಪೊಟ್ಟಣ ಬಿಚ್ಚಿ, ಪಟ್ಟಿ ಮಾಡಿ, ಮಾದರಿ ತೆಗೆದಾಗ ಸೊಪ್ಪಿನ ತೂಕ 20 ಕೆಜಿ 380 ಗ್ರಾಂ.

ಇನ್ನೂ ಗೆರೆಯ ಆಚೆಗೇ ಇದೆ, 380 ಗ್ರಾಮಿನಷ್ಟು. ಆದರೆ ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯೊಂದಿಗೆ ಅಂಟಿಕೊಂಡಿರದ ಎಲೆ, ಬೀಜ ಲೆಕ್ಕಕ್ಕಿಲ್ಲ. ಬರೀ ಎಲೆಯಾದ ಭಂಗಿ ಸೊಪ್ಪು (ಭಾಂಗ್) ಈ ಕಾಯ್ದೆಯ ಹೊರಗೆ ಉಳಿದಿರುವುದು ಹೀಗೆಯೇ. ವಿಧಿವಿಜ್ಞಾನ ಪ್ರಯೋಗಾಲಯದ ವರದಿಯಲ್ಲಿ, ಮಾದರಿಯಲ್ಲಿ ಹೂವಿನ ತುದಿ, ಎಲೆ, ಬೀಜ, ಕಡ್ಡಿ ಇದ್ದವು ಎಂದು ಒಂದು ಸಾಲಿತ್ತು. ಪಾಟೀ ಸವಾಲಿನಲ್ಲಿ ತನಿಖಾಧಿಕಾರಿ ಒಪ್ಪಿಕೊಂಡರು: ಕಡ್ಡಿ, ಬೀಜ, ಬಿಡಿ ಎಲೆಗಳನ್ನು ಬೇರ್ಪಡಿಸಿ ತೂಗಿಲ್ಲ. ಇಂಥ ಲೋಪವನ್ನು ಹಿಡಿದು ಹಲವು ಹೈಕೋರ್ಟ್‌ಗಳು ಜಾಮೀನು ಕೊಟ್ಟಿವೆ. ಅಭಿಯೋಜಕರು 2020ರ ಹೀರಾ ಸಿಂಗ್ ತೀರ್ಪನ್ನು ಮುಂದಿಟ್ಟರು. ಮಾದಕ ವಸ್ತುವಿಗೆ ಬೇರೆ ವಸ್ತು ಬೆರೆತಿದ್ದರೆ ಇಡೀ ಮಿಶ್ರಣದ ತೂಕ ಹಿಡಿಯಬೇಕು ಎಂದು ಅದು ಹೇಳುತ್ತದೆ. ಕಾಯ್ದೆಯ ವ್ಯಾಖ್ಯಾನದಿಂದಲೇ ಹೊರಗಿಟ್ಟದ್ದನ್ನು ಮಿಶ್ರಣ ಎನ್ನಲಾಗದು ಎಂದು ನ್ಯಾಯಾಲಯ ಹೇಳಿತು.

ಎಪಿಎಂಸಿಯಲ್ಲಿ ಬಾಕ್ಸಿನ ತೂಕ ಅರ್ಧ ಕೆಜಿ ಹೆಚ್ಚುಕಡಿಮೆ ಆದರೆ ರೈತ ಜಗಳಕ್ಕೆ ನಿಲ್ಲುತ್ತಾನೆ, ಅಲ್ಲೇ ಇತ್ಯರ್ಥವಾಗುತ್ತದೆ. ಇಲ್ಲಿ 380 ಗ್ರಾಮಿನ ಜಗಳ ಇತ್ಯರ್ಥವಾಗಲು ಮೂರು ವರ್ಷ ಬೇಕಾಯಿತು, ಆ ಮೂರು ವರ್ಷವನ್ನು ಒಬ್ಬನ ಆಯುಸ್ಸಿನಿಂದ ಕಳೆಯಲಾಯಿತು.

ಅರ್ಥಶಾಸ್ತ್ರದ ಒಳಗಿನ ಮಾತು

ಯಜಮಾನರು ನನ್ನೊಡನೆ ಯಾವಾಗಲೂ ನನ್ನ ಶಾಸ್ತ್ರದ ಮಾತಿನಲ್ಲೇ ವಾದಿಸುತ್ತಾರೆ. ಆದ್ದರಿಂದ ನಾನೂ ಅದೇ ಶಾಸ್ತ್ರದಲ್ಲಿ ಉತ್ತರ ಹುಡುಕಿದೆ.

ಮುಕ್ತ ಮಾರುಕಟ್ಟೆಯ ಬಹು ದೊಡ್ಡ ಪ್ರತಿಪಾದಕ, 1976ರಲ್ಲಿ ನೊಬೆಲ್ ಪಡೆದ ಮಿಲ್ಟನ್ ಫ್ರೀಡ್‌ಮನ್, ಮಾದಕ ವಸ್ತುಗಳ ನಿಷೇಧವನ್ನು 1970ರ ದಶಕದಿಂದಲೂ ವಿರೋಧಿಸಿದವರು. 1989ರಲ್ಲಿ ಅಮೆರಿಕದ ಮಾದಕ ವಸ್ತು ನಿಯಂತ್ರಣದ ಮುಖ್ಯಸ್ಥ ವಿಲಿಯಂ ಬೆನೆಟ್ ಅವರಿಗೆ ಬಹಿರಂಗ ಪತ್ರ ಬರೆದು, ಇನ್ನಷ್ಟು ಪೊಲೀಸರು, ಇನ್ನಷ್ಟು ಜೈಲು ಎಂಬ ದಾರಿ ಕೆಟ್ಟದ್ದನ್ನು ಇನ್ನೂ ಕೆಡಿಸುತ್ತದೆ ಎಂದು ವಾದಿಸಿದರು. ನಮ್ಮ ಕಾಯ್ದೆಯಲ್ಲಿ ಮರಣದಂಡನೆ ಜಾರಿಗೆ ಬಂದದ್ದೂ ಅದೇ 1989ರಲ್ಲಿ. ಎರಡು ವರ್ಷದ ಬಳಿಕ, 1991ರಲ್ಲಿ, ಭಾರತ ಪರವಾನಗಿ ರಾಜ್ಯವನ್ನು (ಲೈಸೆನ್ಸ್ ರಾಜ್) ಸಡಿಲಿಸಿ ಮಾರುಕಟ್ಟೆಯ ಕಡೆ ತಿರುಗಿತು. ಫ್ರೀಡ್‌ಮನ್ ಅವರ ಅರ್ಧ ಮಾತು ಮಾತ್ರ ನಮ್ಮ ಊರಿನವರೆಗೆ ಬಂತು. ಅಮೆರಿಕದಲ್ಲೂ ಆದದ್ದು ಅದೇ: ಸರ್ಕಾರ ಚಿಕ್ಕದಾಗಬೇಕು ಎಂದ ಅಧ್ಯಕ್ಷ ರೇಗನ್ ಕಾಲದಲ್ಲಿಯೇ, 1986ರಲ್ಲಿ, 5 ಗ್ರಾಂ ಕ್ರ್ಯಾಕ್ ಕೊಕೇನಿಗೆ ಕನಿಷ್ಠ ಐದು ವರ್ಷ ಸಜೆ ಎಂಬ ಕಾನೂನು ಬಂತು. ಪುಡಿ ಕೊಕೇನಾದರೆ ಅದೇ ಸಜೆಗೆ 500 ಗ್ರಾಂ ಬೇಕಿತ್ತು. ಆ ಅಂತರ ತಗ್ಗಿಸಲು 2010ರವರೆಗೆ ಕಾಯಬೇಕಾಯಿತು.

ಕಠಿಣ ಶಿಕ್ಷೆಗೂ ಮಾರುಕಟ್ಟೆ ಚಿಂತನೆಗೂ ನಂಟೇ ಇಲ್ಲ ಎನ್ನಲಾಗದು. ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1968ರ ಪ್ರಬಂಧದಲ್ಲಿ ಅಪರಾಧಿಯನ್ನು ಲಾಭನಷ್ಟ ಲೆಕ್ಕ ಹಾಕುವವನಾಗಿ ನೋಡಿದರು. ಹಿಡಿಯುವುದಕ್ಕೆ ಖರ್ಚು ಹೆಚ್ಚು. ಆದ್ದರಿಂದ ಕಡಿಮೆ ಜನರನ್ನು ಹಿಡಿದು ಶಿಕ್ಷೆಯನ್ನು ಹೆಚ್ಚಿಸಿದರೆ ಸರ್ಕಾರಕ್ಕೆ ಅಗ್ಗವಾಗುತ್ತದೆ ಎಂಬ ತರ್ಕಕ್ಕೆ ಅಲ್ಲಿ ದಾರಿಯಿತ್ತು. ಅದೇ ಬೆಕರ್ 2006ರಲ್ಲಿ ಮರ್ಫಿ ಮತ್ತು ಗ್ರಾಸ್‌ಮನ್ ಜೊತೆ ಬರೆದ ಪ್ರಬಂಧದಲ್ಲಿ ಮಾದಕ ವಸ್ತುವಿನ ಬಗ್ಗೆ ಬೇರೆಯೇ ತೀರ್ಮಾನಕ್ಕೆ ಬಂದರು. ಬೇಡಿಕೆ ಅಸ್ಥಿತಿಸ್ಥಾಪಕವಾಗಿದ್ದರೆ, ಅಂದರೆ ಬೆಲೆ ಏರಿದರೂ ಕೊಳ್ಳುವುದು ಹೆಚ್ಚು ತಗ್ಗದಿದ್ದರೆ, ನಿಷೇಧವನ್ನು ಬಿಗಿಮಾಡಿದಷ್ಟೂ ಆ ವ್ಯಾಪಾರಕ್ಕೆ ಹರಿಯುವ ಒಟ್ಟು ಹಣ ಹೆಚ್ಚುತ್ತದೆ. ತೆರಿಗೆಯ ದಾರಿ ಮೇಲು.

ಈ ಲೆಕ್ಕವನ್ನು ನಮ್ಮ ಲಾರಿಗೆ ಹಾಕಿ ನೋಡಿದೆ. ಸಿಕ್ಕಿಬೀಳುವ ಭಯಕ್ಕೆ ಒಂದು ಕೂಲಿ ಇದೆ, ಅದು ಸರಕಿನ ಬೆಲೆಯಲ್ಲಿ ಸೇರುತ್ತದೆ. ಶಿಕ್ಷೆ ಏರಿದರೆ ಭಯದ ಕೂಲಿ ಏರುತ್ತದೆ, ಬೆಲೆಯೂ ಏರುತ್ತದೆ. ಆದರೆ ಆ ಕೂಲಿ ಯಾರ ಕೈ ಸೇರುತ್ತದೆ? ಕನಿಷ್ಠ ಹತ್ತು ವರ್ಷದ ಗಂಡಾಂತರ ಹೊತ್ತ ಚಾಲಕನಿಗೆ ಒಪ್ಪಿಕೊಂಡದ್ದು 20 ಸಾವಿರ. ವರ್ಷಕ್ಕೆ ಎರಡು ಸಾವಿರವಾಯಿತು. ವಾರದ ಕಂತಿನ ಒತ್ತಡದಲ್ಲಿರುವ ಚಾಲಕರು ಹೆದ್ದಾರಿಯುದ್ದಕ್ಕೂ ಇರುವಾಗ ಈ ಬೆಲೆಗೆ ಇನ್ನೊಬ್ಬ ಸಿಕ್ಕೇ ಸಿಗುತ್ತಾನೆ. ಹೆಚ್ಚಿದ ಹಣವೆಲ್ಲ ಸರಕಿನ ಹತ್ತಿರ ಎಂದೂ ಸುಳಿಯದವನ ಪಾಲು. ಬೆಲೆ ಸುಳ್ಳು ಹೇಳುವುದಿಲ್ಲ ಎಂದು ಯಜಮಾನರು ಹೇಳಿದ್ದರಲ್ಲ, ಈ ಬೆಲೆಯೂ ನಿಜವನ್ನೇ ಹೇಳುತ್ತಿದೆ ಎಂದು ಅವರಿಗೆ ಹೇಳಿದೆ. ಅವರು ಕೇಳಿಸಿಕೊಂಡರು, ಒಪ್ಪಲಿಲ್ಲ.

ಪೂರೈಕೆಯನ್ನು ಬೇರುಸಹಿತ ಕಿತ್ತರೆ ಎಂದು ಕೇಳಿದರು. ಆಂಧ್ರ ಸರ್ಕಾರ 2021ರ ಕೊನೆಯಲ್ಲಿ ವಿಶಾಖಪಟ್ಟಣದ ಬುಡಕಟ್ಟು ಪ್ರದೇಶದಲ್ಲಿ ಸಾವಿರಾರು ಎಕರೆ ಗಾಂಜಾ ಬೆಳೆ ಕಡಿದು ಹಾಕಿತು. 2022ರ ಫೆಬ್ರುವರಿಯಲ್ಲಿ ಸುಮಾರು ಎರಡು ಲಕ್ಷ ಕೆಜಿ ಗಾಂಜಾವನ್ನು ಒಂದೇ ಕಡೆ ಸುಟ್ಟಿತು. ದೊಡ್ಡ ಕೆಲಸವೇ. ಆದರೆ ಗುಡ್ಡದ ಆ ಕಡೆ ಒಡಿಶಾ ಇದೆ. ಅಲ್ಲಿಂದ ಬರುವ ಸರಕು ಈಗಲೂ ನಮ್ಮ ಜಿಲ್ಲೆಯ ಹೆದ್ದಾರಿಯಲ್ಲೂ ಬಾಗೇಪಲ್ಲಿಯ ದಾರಿಯಲ್ಲೂ ಸಿಕ್ಕಿಬೀಳುತ್ತಲೇ ಇದೆ.

ಸಿಂಗಪುರದ ವಿಷಯಕ್ಕೆ ಬಂದರೆ, ಅಲ್ಲಿ 15 ಗ್ರಾಮಿಗಿಂತ ಹೆಚ್ಚು ಹೆರಾಯಿನ್ ಅಥವಾ 500 ಗ್ರಾಮಿಗಿಂತ ಹೆಚ್ಚು ಗಾಂಜಾ ಸಾಗಿಸಿದರೆ ಮರಣದಂಡನೆ. 2023ರ ಏಪ್ರಿಲಿನಲ್ಲಿ ಸುಮಾರು ಒಂದು ಕೆಜಿ ಗಾಂಜಾ ಸಾಗಣೆಯಲ್ಲಿ ಸಹಕರಿಸಿದ್ದಕ್ಕೆ ಒಬ್ಬನನ್ನು ಗಲ್ಲಿಗೇರಿಸಿದರು. ನಮ್ಮಲ್ಲಿ ಒಂದು ಕೆಜಿಯೊಳಗಿನದು ಅಲ್ಪ ಪ್ರಮಾಣ. ಅಲ್ಲಿನ ಸರ್ಕಾರ ಈ ಕಾಯ್ದೆಯಿಂದಲೇ ದೇಶ ಸುರಕ್ಷಿತ ಎನ್ನುತ್ತದೆ. ಆದರೆ ಅದು ಒಂದು ನಗರದಷ್ಟೇ ದೊಡ್ಡ ದ್ವೀಪ. ಒಳಬರುವ ದಾರಿಗಳನ್ನು ಬೆರಳೆಣಿಸಿ ಕಾಯಬಹುದು. ಅಲ್ಲಿನ ನಿವಾಸಿಗಳಲ್ಲಿ ನೂರಕ್ಕೆ ಎಂಬತ್ತರ ಹತ್ತಿರದವರು ವಾಸಿಸುವುದು ಸರ್ಕಾರವೇ ಕಟ್ಟಿಸಿದ ಮನೆಗಳಲ್ಲಿ. ಅದನ್ನು ಪೂರ್ತಿ ಬಿಟ್ಟುಕೊಟ್ಟ ಮಾರುಕಟ್ಟೆ ಎನ್ನುವುದು ಹೇಗೆ? ಇನ್ನೂ ಹಿಂದಕ್ಕೆ ಹೋದರೆ, ಬ್ರಿಟಿಷರ ಕಾಲದಲ್ಲಿ ಆ ಬಂದರಿನ ಖಜಾನೆ ತುಂಬುತ್ತಿದ್ದದ್ದು ಬಹುಮಟ್ಟಿಗೆ ಅಫೀಮಿನ ಗುತ್ತಿಗೆಯಿಂದ. ಈಸ್ಟ್ ಇಂಡಿಯಾ ಕಂಪನಿ ಬಿಹಾರ, ಗಾಜೀಪುರದ ರೈತರಿಂದ ಏಕಸ್ವಾಮ್ಯದಲ್ಲಿ ಅಫೀಮು ಬೆಳೆಸಿತು. ವರ್ತಕರು ಅದನ್ನು ಚೀನಾಕ್ಕೆ ಸಾಗಿಸಿದರು. ಚೀನಾ ತಡೆದಾಗ 1839ರಲ್ಲಿ ಶುರುವಾದ ಯುದ್ಧವನ್ನು ಮುಕ್ತ ವ್ಯಾಪಾರದ ಹೆಸರಿನಲ್ಲಿ ಸಮರ್ಥಿಸಿದರು. ಮುಕ್ತ ವ್ಯಾಪಾರ ಎಂಬ ಮಾತಿಗೆ ಇಂಥದ್ದೂ ಒಂದು ಹಿಂದಿನ ಕಥೆ ಇರುವಾಗ, ಗಾಂಜಾವನ್ನು ಟೊಮೆಟೊದಂತೆ ಹರಾಜಿಗೆ ಬಿಡಿ ಎಂದು ನಾನಂತೂ ಹೇಳುವುದಿಲ್ಲ. ಬೆಲೆಯನ್ನು ಪೂರ್ತಿ ನಂಬಿದ ಟೊಮೆಟೊ ರೈತರ ಗತಿಯನ್ನು ಹತ್ತಿರದಿಂದ ಕಂಡವನು ನಾನು.

ಲಾರಿ

ಜಪ್ತಿಯಾದ ಲಾರಿ ಏಳು ತಿಂಗಳು ಠಾಣೆಯ ಆವರಣದಲ್ಲಿ ನಿಂತಿತು. ಟೈರು ಬಿರುಕು ಬಿಟ್ಟವು, ಬ್ಯಾಟರಿ ಕಾಣೆಯಾಯಿತು, ಬ್ಯಾಂಕಿನ ಕಂತು ಮಾತ್ರ ನಿಲ್ಲಲಿಲ್ಲ. ಕಾಯ್ದೆಯ 60ನೆಯ ಕಲಂ ಪ್ರಕಾರ ಗಾಂಜಾ ಸಾಗಿಸಿದ ವಾಹನ ಮುಟ್ಟುಗೋಲಿಗೆ ಒಳಪಡುತ್ತದೆ. ತನಗೆ ಗೊತ್ತಿಲ್ಲದೆ ನಡೆಯಿತು, ತಾನು ಎಲ್ಲ ಎಚ್ಚರಿಕೆ ವಹಿಸಿದ್ದೆ ಎಂದು ತೋರಿಸಿಕೊಡಬೇಕಾದವನು ಮಾಲೀಕನೇ. ಯಜಮಾನರು ಕಾಗದ ಹಿಡಿದು ನನ್ನ ಮನೆಗೆ ಬಂದರು. "ಇದೇನು ಮೇಷ್ಟ್ರೇ? ನಾನು ತಪ್ಪು ಮಾಡಿಲ್ಲ ಎಂದು ನಾನೇ ಸಾಬೀತು ಮಾಡಬೇಕೇ? ತಪ್ಪು ಮಾಡಿದ್ದೇನೆ ಎಂದು ಅವರು ತಾನೇ ಸಾಬೀತು ಮಾಡಬೇಕಾದದ್ದು?"

ಚಾಲಕನಿಗೂ ಇದೇ ಕಾಯ್ದೆ ಹೀಗೆಯೇ ಹೇಳುತ್ತದೆ ಎಂದೆ. 35ನೆಯ ಮತ್ತು 54ನೆಯ ಕಲಂಗಳಡಿ, ವಸ್ತು ಕೈಯಲ್ಲಿ ಸಿಕ್ಕಿದರೆ ಗೊತ್ತಿದ್ದೇ ಇಟ್ಟುಕೊಂಡಿದ್ದ ಎಂದು ನ್ಯಾಯಾಲಯ ಮೊದಲೇ ಊಹಿಸುತ್ತದೆ, ಅಲ್ಲವೆಂದು ತೋರಿಸುವ ಹೊರೆ ಆರೋಪಿಯದು. ಅವರು ಬಹಳ ಹೊತ್ತು ಸುಮ್ಮನಿದ್ದು, "ಅವನಿಗೆ ಗೊತ್ತಿತ್ತಲ್ಲ" ಎಂದರು. ಹೌದು, ಗೊತ್ತಿತ್ತು. ಆದರೆ ಆ ದಿನ ಅದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಕಾನೂನು ತಪ್ಪು ಮಾಡಿದವನಿಗಾಗಿ ಬೇರೆ, ಮಾಡದವನಿಗಾಗಿ ಬೇರೆ ಬಾಗಿಲು ಇಟ್ಟಿರುವುದಿಲ್ಲ. ಮಾಲೀಕರೂ ಚಾಲಕನೂ ಒಂದೇ ಬಾಗಿಲಲ್ಲಿ ನಿಂತಿದ್ದರು.

ಹೈಕೋರ್ಟಿನ ಆದೇಶದ ಮೇಲೆ, ಬಾಂಡು ಬರೆಸಿಕೊಂಡು, ಲಾರಿಯನ್ನು ತಾತ್ಕಾಲಿಕವಾಗಿ ಬಿಟ್ಟರು. ಚಾಲಕನಿಗೆ ಸಿಗದ ಬಿಡುಗಡೆ ಅವನು ಓಡಿಸಿದ ಗಾಡಿಗೆ ಸಿಕ್ಕಿತು. ತೀರ್ಪಿನಲ್ಲಿ ಮುಟ್ಟುಗೋಲನ್ನು ಕೈಬಿಡಲಾಯಿತು. ಸಾಕ್ಷಿಯಾಗಿ ಬಂದ ಯಜಮಾನರನ್ನು ಸರ್ಕಾರಿ ಅಭಿಯೋಜಕರು ಚಾಲಕನ ನಡತೆಯ ಬಗ್ಗೆ ಕೇಳಿದಾಗ, ಆರು ವರ್ಷದಲ್ಲಿ ಡೀಸೆಲ್ ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಿಸಿರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಿದರು. ಅವನ ಮೇಲೆ ಅಷ್ಟು ಸಿಟ್ಟಿದ್ದೂ ಹೇಳಿದ ಆ ಮಾತಿಗಾಗಿ ನಾನು ಅವರನ್ನು ಗೌರವಿಸುತ್ತೇನೆ.

ನನ್ನ ತೀರ್ಮಾನ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತಾಗಿದೆ ಈ ಕಾಯ್ದೆಯ ನಡೆ. ಅದು ತೂಕ ನೋಡುತ್ತದೆ, ಆ ತೂಕದ ಹಿಂದೆ ಯಾರ ಹಣವಿದೆ ಎಂದು ನೋಡುವುದಿಲ್ಲ. ಬಂಡವಾಳ ಹೂಡಿದವನಿಗೆ 27ಎ ಕಲಮಿನಲ್ಲಿ ಬೇರೆ ಶಿಕ್ಷೆ ಇದೆ, ಹತ್ತರಿಂದ ಇಪ್ಪತ್ತು ವರ್ಷವೇ. ಆದರೆ ಅವನನ್ನು ಹಿಡಿಯಬೇಕಾದರೆ ಬ್ಯಾಂಕು ಖಾತೆ, ಫೋನ್ ಕರೆ, ಊರೂರು ಅಲೆದಾಟ ಬೇಕು. ಚಾಲಕ ಸೀಟಿನಲ್ಲೇ ಸಿಗುತ್ತಾನೆ, 20 ಕೆಜಿ ದಾಟಿದರೆ ಪ್ರಕರಣ ದೊಡ್ಡದಾಗುತ್ತದೆ. ಹಾಗಾಗಿ ಟೇಪು ಬಿಚ್ಚಿ ತೂಗುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಕನಿಷ್ಠ ಹತ್ತು ವರ್ಷ ಎಂಬುದನ್ನು ತೆಗೆದು, ಸಾಗಿಸಿದವನ ಪಾತ್ರವನ್ನು ನೋಡಿ ಸಜೆ ನಿರ್ಧರಿಸುವ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಡಬೇಕು. ತೂಕದ ವಿವಾದವಿರುವಾಗ 37ನೆಯ ಕಲಂ ಅಡ್ಡ ಬರಬಾರದು. ಮ್ಯಾಜಿಸ್ಟ್ರೇಟರ ಮುಂದಿನ ತೂಕ ತಿಂಗಳೊಳಗೆ ಮುಗಿಯಬೇಕು. ಹಾಗಾಗಿದ್ದರೆ ಈ ಪ್ರಕರಣದ ಅರ್ಧ ಗೊಂದಲ ಅಲ್ಲೇ ತೀರುತ್ತಿತ್ತು. ಇವು ಮೃದುವಾದ ಮಾತುಗಳು ಎಂದು ಯಜಮಾನರು ಹೇಳುತ್ತಾರೆ. ಅವರ ತಂಗಿಯ ಮಗನಿಗೆ ನೆರವಾದದ್ದು ಯಾವುದು ಎಂದು ಅವರಿಗೇ ಗೊತ್ತಿದೆ: ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸೆ, ಆಮೇಲೆ ತಪ್ಪದೆ ನಡೆದ ಭೇಟಿಗಳು, ತಾಯಿಯ ಹಠ. ವ್ಯಸನಿಯಾದವನು ತಾನಾಗಿ ಚಿಕಿತ್ಸೆಗೆ ಬಂದರೆ ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಅಭಿಯೋಜನೆಯಿಂದ ರಕ್ಷಣೆ ಪಡೆಯಬಹುದು ಎಂದು ಇದೇ ಕಾಯ್ದೆಯ 64ಎ ಕಲಂ ಹೇಳುತ್ತದೆ. ಅದನ್ನು ಆ ಮನೆಯವರಿಗೆ ಯಾರೂ ತಿಳಿಸಿರಲಿಲ್ಲ. ಪೊಲೀಸರು ಹಿಡಿಯುತ್ತಾರೆ ಎಂಬ ಹೆದರಿಕೆಯಲ್ಲಿ ಎಂಟು ತಿಂಗಳು ಹುಡುಗನನ್ನು ಬಚ್ಚಿಟ್ಟರು, ಕಾಯಿಲೆ ಬಲಿತದ್ದು ಆ ಎಂಟು ತಿಂಗಳಲ್ಲಿ. ಕಠಿಣ ಶಿಕ್ಷೆಯ ಭಯ ಮುಟ್ಟಬೇಕಾದವರನ್ನು ಮುಟ್ಟದೆ, ಆಸ್ಪತ್ರೆಗೆ ಹೋಗಬೇಕಾದವರನ್ನು ತಡೆದು ನಿಲ್ಲಿಸಿತು. ಯಜಮಾನರ ಜೊತೆ ನಾನು ಈ ಒಂದು ಮಾತನ್ನು ಬಿಟ್ಟುಕೊಡದೆ ವಾದಿಸುತ್ತಿದ್ದೇನೆ. ಇದಕ್ಕೆ ಮಾತ್ರ ಅವರು ಇನ್ನೂ ಎದುರು ಮಾತಾಡಿಲ್ಲ.

ಚಾಲಕನನ್ನು ಅವರು ಮತ್ತೆ ಕೆಲಸಕ್ಕೆ ತೆಗೆದುಕೊಂಡಿಲ್ಲ. ಅವನು ಈಗ ಬೇರೊಂದು ಮಂಡಿಯಲ್ಲಿ ಬಾಕ್ಸು ಹೊರುತ್ತಾನೆ; ದಂಡ ಕಟ್ಟಲು ಮಾಡಿದ ಸಾಲಕ್ಕೆ ವಾರದ ಕಂತು ಕಟ್ಟುತ್ತಿದ್ದಾನೆ. ದೋಷಾರೋಪ ಪಟ್ಟಿಯಲ್ಲಿ ಎರಡನೆಯ ಆರೋಪಿಯ ಜಾಗದಲ್ಲಿ ಒಂದು ಮೊಬೈಲ್ ಸಂಖ್ಯೆ ಮಾತ್ರ ಇತ್ತು. ಆ ಸಿಮ್ ಒಬ್ಬ ಮೃತ ವ್ಯಕ್ತಿಯ ದಾಖಲೆಯ ಮೇಲೆ ಪಡೆದದ್ದು ಎಂದು ತನಿಖೆಯಲ್ಲಿ ಗೊತ್ತಾಯಿತು. ತಲೆಮರೆಸಿಕೊಂಡ ಆರೋಪಿ ಎಂದು ಅವನ ಭಾಗವನ್ನು ಬೇರ್ಪಡಿಸಿ ಪ್ರತ್ಯೇಕ ಪ್ರಕರಣ ಮಾಡಿದ್ದಾರೆ. ಅದರಲ್ಲಿ ಇದುವರೆಗೆ ಯಾರ ಬಂಧನವೂ ಆಗಿಲ್ಲ.